ಸಾವಿನ ಸುದ್ದಿ ಒಯ್ಯಲೊಲ್ಲದವನು

ಊರಿನ ಮರ್ಯಾದೆ ಕಾಯುವ ಕೂಟ ಅಂತೆ! ಥೂ, ಅವರ ಮರ್ಯಾದೆಗಿಷ್ಟು ಬೆಂಕಿ ಬೀಳ. ಮುಟ್ಟಬೇಡ ಅನ್ನುವುದು ಅಪರಾಧ ಎಂದು ಸರ್ಕಾರ ಕಾನೂನು ಮಾಡಿದ ಮೇಲೆಯೇ ಮಿಡಿಗೇಶಿ ಕಡೆಯ ನಮ್ಮೂರಿನಲ್ಲಿ ಆ ಕೂಟ ಹುಟ್ಟಿದ್ದು. ಅದಕ್ಕೆ ಮುಂಚೆ ಸಿಟ್ಟು ಬಂದವನು ನಮ್ಮ ಕೇರಿಯವರನ್ನು ಹೊಡೆಯುತ್ತಿದ್ದ. ಆಮೇಲೆ ಮೇಲುಕೇರಿಯ ಗಂಡಸರು ಕೂತು ಮಾತಾಡಿಕೊಂಡು ಬಂದು ಹೊಡೆದರು. ಪೇಟ ಸುತ್ತಿದ ತಪ್ಪಿಗೆ ಒಬ್ಬನ ಕಾಲು ಮುರಿದರು. ನಾವೇ ತೋಡಿಕೊಂಡ ಬಾವಿಗೆ ಸತ್ತ ನಾಯಿ ಎಸೆದರು. ಪಾವಗಡದ ಕಡೆಯ ಹಳ್ಳಿಗಳಲ್ಲೂ ಅಂಥದೇ ಕೂಟಗಳು ಎದ್ದವು.

ಅವರ ಕೇರಿಯಲ್ಲಿ ಯಾರು ಸತ್ತರೂ ನೆಂಟರ ಊರುಗಳಿಗೆ ಸುದ್ದಿ ಒಯ್ಯುವುದು ನನ್ನ ಗಂಡನ ಮನೆತನದ ಬಿಟ್ಟಿ ಕೆಲಸ. ಅಂಗಳದಾಚೆ ನಿಂತು ಕೂಗಿ ಹೇಳಬೇಕು, ಮಡಿಲಿಗೆ ಹಾಕಿದ ರಾಗಿ ತೆಗೆದುಕೊಂಡು ತಿರುಗಬೇಕು. ಆ ಬೇಸಿಗೆ ಕೂಟದ ಯಜಮಾನನ ತಾಯಿ ಸತ್ತಾಗ ನನ್ನ ಗಂಡ ಮೇಲೇಳಲಿಲ್ಲ.

"ನಾನು ಹೋಗಕಿಲ್ಲ. ಅವ್ರ ಸಾವ್ನ ಅವ್ರೇ ಹೊತ್ಕಳ್ಲಿ" ಅಂದ. ನನಗೆ ಎದೆ ಉಬ್ಬಿತು, ಎದ್ದು ಬಾಗಿಲು ಹಾಕಿದೆ.

ಕೊನೆಗೆ ಕೂಟದವನೇ ಒಬ್ಬ ಸೈಕಲ್ ಹತ್ತಿ, ಪಾವಗಡದಾಚೆ ಇದ್ದ ಸತ್ತವಳ ಮಗಳ ಮನೆಗೆ ಹೋದ. ಅವನಂಥವನು ಸಾವಿನ ಸುದ್ದಿ ತರುತ್ತಾನೆಂದು ಅವರಿಗೇನು ಗೊತ್ತು? ನೆಂಟ ಬಂದನೆಂದು ಕಾಲಿಗೆ ನೀರು ಕೊಟ್ಟರು. "ರಾ ಅನ್ನಾ, ಮುಂದು ಅನ್ನಂ ತಿನು" ಎಂದು ತೆಲುಗಿನಲ್ಲಿ ಮೊದಲು ಊಟಕ್ಕೆ ಕರೆದು ಎಲೆ ಹಾಕಿದರು. ಬಾಗಿಲಲ್ಲೇ ಹೇಳಿ ರೂಢಿಯಿಲ್ಲದ ಪುಣ್ಯಾತ್ಮ ಕೂತು ಉಂಡ, ಮಲಗೆದ್ದು ಸಂಜೆಗೆ ಬಾಯಿಬಿಟ್ಟ. ಮಗಳು ಬರುವಷ್ಟರಲ್ಲಿ ಇಲ್ಲಿ ಗುಂಡಿ ಮುಚ್ಚಿಯಾಗಿತ್ತು.

ಮರುದಿನ ಬೆಳಿಗ್ಗೆಯೇ ಕೂಟದವರು ಗಾಡಿಗೂಟ ಹಿಡಿದು ನಮ್ಮ ಕೇರಿಗೆ ನುಗ್ಗಿದರು.

"ಲೇ, ನಿನ್ನಿಂದ ಹೆತ್ತ ಮಗ್ಳಿಗೆ ತಾಯಿ ಮುಖ ಸಿಗ್ದಂಗಾಯ್ತು ಕಣ್ಲಾ!"

"ಕೂತು ಉಂಡ್ನಲ್ಲ, ಅವ್ನ ಕೇಳ್ರಪ್ಪ" ಅಂದ ನನ್ನ ಗಂಡ. ಮೊದಲ ಏಟು ಬಾಯಿಗೇ ಬಿತ್ತು. ಎರಡನೆಯದಕ್ಕೆ ತಲೆ ಒಡೆಯಿತು. ನಾನು ಅವನ ಮೇಲೆ ಬಿದ್ದೆ, ನನ್ನ ಭುಜ ಮುರಿದರು. ಇವತ್ತಿಗೂ ಬಿಂದಿಗೆ ಎತ್ತಲಾರೆ. ಗುಡಿಸಲಿಗೆ ಬೆಂಕಿ ಇಟ್ಟರು. ಮಧುಗಿರಿ ಬಸ್ಸಿಗೆ ಕಾಯುತ್ತಾ ರಸ್ತೆ ಬದಿಯಲ್ಲೇ, ನನ್ನ ತೊಡೆಯ ಮೇಲೆ ಅವನ ಜೀವ ಹೋಯಿತು. ಕೋರ್ಟಿನಲ್ಲಿ ನೋಡಿದವರು ಯಾರೂ ಇಲ್ಲವಾದರು. ಯಜಮಾನ ಮುಂದೆ ಪಂಚಾಯ್ತಿ ಚೇರ್ಮನ್ ಆದ. ಕೂಟ ಎಲ್ಲಿ ಹೋಯಿತು ಎಂದು ಈಗಿನ ಹುಡುಗರು ಕೇಳುತ್ತಾರೆ. ಎಲ್ಲಿಗೂ ಹೋಗಲಿಲ್ಲ ಕಣಪ್ಪಾ, ಓಟು ಕೇಳಿಕೊಂಡು ಬಂತು.

ನನ್ನ ಗಂಡನ ತಿಥಿ ಮುಗಿದ ಸ್ವಲ್ಪ ದಿನಕ್ಕೆ ಅವರ ಕೇರಿಯಲ್ಲಿ ಇನ್ನೊಂದು ಸಾವಾಯಿತು. ಅದೇ ಜನ, ಅದೇ ಗೂಟ ಹಿಡಿದು ಬಂದು, ಈ ಸಲ ಯಾರು ಹೋಗ್ತೀರಿ ಎಂದು ಕೇಳಿದರು. ಜನ್ಮವಿಡೀ ಅವರ ಸಾವು ಹೊತ್ತು ಪಾದ ಸವೆಸಿದ ನನ್ನ ಮಾವ ಸುಟ್ಟ ಗೋಡೆಗೆ ಒರಗಿ ಕೂತಿದ್ದ. ಕೈಮುಗಿದು ಎದ್ದೇಬಿಡುತ್ತಾನೆ ಎಂದುಕೊಂಡೆ.

"ನನ್ ಮಗ ಹೋಗಕಿಲ್ಲ ಅಂದಿದ್ದ. ನಾನೂ ಹೋಗಕಿಲ್ಲ" ಅಂದ.

ಅವನನ್ನೂ ಹೊಡೆದರು. ಆದರೂ ಸುದ್ದಿ ಒಯ್ಯಲು ಕೇರಿಯಲ್ಲಿ ಒಬ್ಬರೂ ಏಳಲಿಲ್ಲ.