ಸೀಟಿ ಊದಿದ ಅಧ್ಯಕ್ಷ

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ನಿನ್ನೆ ಕಂಡಕ್ಟರನೊಬ್ಬ ನನ್ನ ಬೆನ್ನ ಹಿಂದೆಯೇ ಸೀಟಿ ಊದಿದ. ಉಳಿದವರೆಲ್ಲ ಬಸ್ಸಿನತ್ತ ನೋಡಿದರು. ನಾನು ಮಾತ್ರ ಸಿಕ್ಕಿಬಿದ್ದ ಕಳ್ಳನಂತೆ ಕೊರಳು ಮುಟ್ಟಿಕೊಂಡೆ. ನಗಬೇಡಿ, ಕಾರಣವಿದೆ.

ವಿಶ್ವವಿದ್ಯಾಲಯದಲ್ಲಿ ಓದುವಾಗ ನಮ್ಮದೊಂದು ಶ್ರಮದಾನದ ಬಳಗವಿತ್ತು. ಅದಕ್ಕೆ ಅಂಕವಿಲ್ಲ, ಹಾಜರಿಯಿಲ್ಲ, ಮನಸ್ಸಿದ್ದವರು ಬರುತ್ತಿದ್ದರು. ನಾನು ಅದರ ಅಧ್ಯಕ್ಷ. ಆರಿಸಿದ ದಿನ ಬೇಡವೆಂದು ತಲೆಯಾಡಿಸದೆ ಕುಳಿತವನು ನಾನೊಬ್ಬನೇ. ಅದನ್ನೇ ಜನಪ್ರಿಯತೆ ಎಂದು ತಿಳಿದೆ. ಮರುದಿನವೇ ಪೇಟೆಗೆ ಹೋಗಿ ಕೊರಳಿಗೆ ಹಾಕಿಕೊಳ್ಳುವ ಸೀಟಿ ತಂದೆ.

ಆ ವರ್ಷ ಮಲಪ್ರಭೆ ಉಕ್ಕಿ ರಾಮದುರ್ಗದ ಹತ್ತಿರದ ಹಳ್ಳಿಯೊಂದರ ಶಾಲೆಗೆ ನುಗ್ಗಿತ್ತು. ನೀರು ಇಳಿದ ಮೇಲೆ ಪಾಠದ ಖೋಲಿಗಳಲ್ಲಿ ಮೊಣಕಾಲುದ್ದ ಕೆಸರಿನ ರಾಡಿ. ಮಕ್ಕಳು ಗುಡಿಯ ಕಟ್ಟೆಯ ಮೇಲೆ ಕೂತು ಕಲಿಯುತ್ತಿದ್ದರು. ನಾವು ಹೋದ ಮರುದಿನವೇ ಶಾಲೆ ತೆರೆಯಬೇಕಿತ್ತು. ನಾವು ಬೆಳಿಗ್ಗೆಯೇ ಹೋದೆವು. ಯಾರು ಎಲ್ಲಿ ನಿಲ್ಲಬೇಕೆಂದು ನಾನು ಬಾಗಿಲಲ್ಲಿ ನಿಂತು ವಿವರಿಸಿದೆ. ವಿವರಣೆ ಮುಗಿಯುವಷ್ಟರಲ್ಲಿ ಒಂದು ಖೋಲಿ ಖಾಲಿಯಾಗಿತ್ತು. ನಮ್ಮ ಬಳಗದ, ದೊಡವಾಡದ ರೇಣುಕಾ ಚಪ್ಪಲಿ ಬಿಟ್ಟು ರಾಡಿಗೆ ಇಳಿದಿದ್ದಳು. ಉಳಿದವರು ಅವಳ ಹಿಂದೆ ಸಾಲಾಗಿ ನಿಂತು ಬುಟ್ಟಿ ಸಾಗಿಸಿದ್ದರು. ಅವಳು ಯಾರಿಗೂ ಏನೂ ಹೇಳಿರಲಿಲ್ಲ.

ಸಂಜೆ ಬಸ್ಸು ಬಂತು. "ನಡೀರಿ, ಹೊತ್ತಾತು," ಎಂದೆ.

"ಇನ್ನೂ ಎರಡು ಖೋಲಿ ಉಳದಾವ. ಮುಗಿಸೇ ಬರತೇವ್ರಿ," ಎಂದಳು ರೇಣುಕಾ.

"ಅಧ್ಯಕ್ಷ ನಾ ಅದೇನಿ!"

"ಹೌದ್ರಿ, ಇಲ್ಲ ಅಂದವರ್ಯಾರು? ಆದರ ನಾವೇನು ಪಗಾರಕ್ಕ ಬಂದೇವೇನ್ರಿ?"

ಎಲ್ಲರೂ ನಕ್ಕರು. ನಾನು ಹಟದಿಂದ ಹೋಗಿ ಬಸ್ಸಿನಲ್ಲಿ ಕುಳಿತೆ. ಹಿಂದೆ ಯಾರೂ ಬರಲಿಲ್ಲ. ಕಂಡಕ್ಟರ ಕೆಳಗೆ ಚಹಾ ಕುಡಿಯುತ್ತಿದ್ದ. ಕಿಟಕಿಯಿಂದ ತಲೆ ಹೊರಹಾಕಿ, ಶಾಲೆಯತ್ತ ಮುಖಮಾಡಿ, ಇದ್ದ ಉಸಿರನ್ನೆಲ್ಲ ಸೇರಿಸಿ ಸೀಟಿ ಊದಿದೆ. ಶಾಲೆಯಲ್ಲಿ ಯಾರೂ ಕದಲಲಿಲ್ಲ. ಕದಲಿದ್ದು ಬಸ್ಸು. ನನ್ನ ಇಡೀ ಅಧ್ಯಕ್ಷಗಿರಿಯಲ್ಲಿ ನನ್ನ ಆಜ್ಞೆ ಪಾಲಿಸಿದವನು ಆ ಡ್ರೈವರನೊಬ್ಬನೇ.

"ನಿಲ್ಲಸ್ರಿ!" ಎಂದು ಕೂಗಿದೆ, ಇಂಜಿನ್ನಿನ ಸದ್ದಿನಲ್ಲಿ ಅದು ಅವನಿಗೆ ಕೇಳಲಿಲ್ಲ. ಊರ ಹೊರಗೆ, ಯಾರದೋ ಬೈಕಿನ ಹಿಂದೆ ಕುಳಿತು ಬಂದ ಕಂಡಕ್ಟರ ಬಸ್ಸನ್ನು ಅಡ್ಡಗಟ್ಟಿದ.

"ಸೀಟಿ ಊದಿದಾಂವ ಯಾಂವ?"

ಸುರೇಬಾನಕ್ಕೆ ಹೊರಟಿದ್ದ ಅಜ್ಜಿಯೊಬ್ಬಳು ನನ್ನತ್ತ ಕೈಮಾಡಿದಳು. "ಈ ತಮ್ಮ ನೋಡಪಾ. ಬೈಬ್ಯಾಡ, ನೌಕರಿ ಹೊಸಾದು ಕಾಣತೈತಿ."

ಇಳಿದು ವಾಪಸು ನಡೆದೆ. ಯಾರಾದರೂ ನಗುತ್ತಾರೆ, ಅದಕ್ಕೊಂದು ಉತ್ತರ ಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಆದರೆ ರೇಣುಕಾ ರಾಡಿ ಮೆತ್ತಿದ ಕೈಯಿಂದ ಸಾಲಿನ ನಡುವೆ ಒಂದು ಜಾಗ ತೋರಿಸಿದಳಷ್ಟೇ.

"ಇಲ್ಲಿ ನಿಂದರ್ರಿ. ಒಬ್ಬರು ಕಮ್ಮಿ ಬಿದ್ದಿದ್ರು."

ಎಡಗಡೆಯಿಂದ ಬುಟ್ಟಿ ಬಂತು, ಬಲಗಡೆಗೆ ಕೊಟ್ಟೆ. ಮತ್ತೆ ಬಂತು, ಮತ್ತೆ ಕೊಟ್ಟೆ. ನನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡುವ ಚಿಂತೆಯಿಲ್ಲ. ಅಂಥದೊಂದು ಸುಖ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಹೊತ್ತು ಮುಳುಗುವಾಗ ಕೊನೆಯ ಖೋಲಿ ತೊಳೆದು, ಊರವರ ಟ್ರ್ಯಾಕ್ಟರಿನಲ್ಲಿ ರಾಮದುರ್ಗಕ್ಕೆ ಬಂದೆವು. ಮರುದಿನ ಶಾಲೆ ತೆರೆಯಿತು.

ಈಗ ನಾನು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಇವತ್ತು ನಮ್ಮ ವಿದ್ಯಾರ್ಥಿನಿಯೊಬ್ಬಳು ಬಂದು, "ರವಿವಾರ ಕೆರಿ ಹೂಳು ತಗೀತೇವ್ರಿ ಸರ್. ಉದ್ಘಾಟನಾ ಮಾಡಿ ಎರಡು ಮಾತು ಹೇಳ್ರಿ," ಎಂದಳು.

"ಭಾಷಣ ಬ್ಯಾಡವಾ. ನನಗೂ ಏನಾರ ಕೆಲಸಾ ಹಚ್ಚು," ಎಂದೆ.

ಅವಳು ನನ್ನ ಹೊಟ್ಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಮೆಲ್ಲಗೆ ಕೇಳಿದಳು: "ನಿಮಗ ಬಗ್ಗಾಕ ಬರತೈತೇನ್ರಿ ಸರ್?"

ಮನೆಗೆ ಬಂದವನೇ ಕದ ಮುಚ್ಚಿಕೊಂಡು ಬಗ್ಗಿ ನೋಡಿದೆ. ಪಾದಗಳು ಇನ್ನೂ ಬಹಳ ದೂರದಲ್ಲಿವೆ. ರವಿವಾರಕ್ಕೆ ಸಮಯವಿದೆ.