ನೀರಿನ ಗಾಡಿಯ ನೆರಳಿನಲ್ಲಿ ಓದಿದ ಎಂ.ಎ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹರಪನಹಳ್ಳಿಯ ಅಗ್ನಿಶಾಮಕ ಠಾಣೆಯಲ್ಲಿ ಫೈರ್‌ಮನ್ ಆಗಿದ್ದೆ. ಮುಂದೆ ಠಾಣಾಧಿಕಾರಿಯಾಗಬೇಕೆಂಬ ಆಸೆಯಿಂದ ಅಂಚೆ ಶಿಕ್ಷಣದಲ್ಲಿ ಸಾರ್ವಜನಿಕ ಆಡಳಿತದ ಎಂ.ಎ. ಕಟ್ಟಿದ್ದೆ. ಮಧ್ಯಾಹ್ನ ಕರೆ ಬರದಿದ್ದರೆ ನೀರಿನ ಗಾಡಿಯ ನೆರಳಿನಲ್ಲಿ ಪುಸ್ತಕ ಹರವಿಕೊಂಡು ಕೂರುತ್ತಿದ್ದೆ. ನಮ್ಮ ತಂಡದ ಹಿರಿಯರೊಬ್ಬರು ಎಲೆ ಅಡಿಕೆ ಮೆಲ್ಲುತ್ತಾ ಪಕ್ಕಕ್ಕೆ ಬರುತ್ತಿದ್ದರು. ಅವರ ಓದು ಏಳನೇ ಕ್ಲಾಸಿಗೇ ನಿಂತಿತ್ತು.

“ಇವತ್ತೇನು ಓದಿದಿ ಲೇ? ನನಗೂ ತಿಳಿಯಂಗ ಹೇಳು.”

ಹೇಳುತ್ತಿದ್ದೆ. ಅವರು ತಲೆಯಾಡಿಸದಿದ್ದರೆ ಆ ಪುಟವನ್ನು ಮತ್ತೆ ಓದುತ್ತಿದ್ದೆ.

ಪರೀಕ್ಷೆಗೆ ವಾರವಿದ್ದಾಗ ಚಿಗಟೇರಿಯಿಂದ ಫೋನ್ ಬಂತು, ಬಣವೆಗೆ ಬೆಂಕಿ. ಅಧಿಕಾರಿಗಳು ರಜೆಯಲ್ಲಿದ್ದರು, ಹೊಣೆ ಹಿರಿಯರದು. ಗಾಡಿ ಊರು ದಾಟುತ್ತಲೇ ಅವರು ನನ್ನ ಕಡೆ ತಿರುಗಿ, “ಇವತ್ತು ಕೆಲಸ ನೀನ ನಡಸು. ಪೈಪು ನಾ ಹಿಡೀತೀನಿ” ಎಂದರು.

ಕಣದ ತುಂಬ ಜನ. ಒಂದು ಬಣವೆ ಉರಿಯುತ್ತಿತ್ತು, ಗಾಳಿ ಪಕ್ಕದ ಎರಡರ ಕಡೆಗಿತ್ತು. ನಾನು ಗಾಡಿಯಿಂದ ಜಿಗಿದು ನೋಡಿದೆ, ಬಣವೆಯ ಬದಿಗೇ ದನ ಕಟ್ಟಿದ್ದರು. ಆಮೇಲೆ ಕೂಗಿದೆ: “ಮೊದಲು ದನ ಬಿಚ್ರಿ! ಉರಿಯೋದು ಬಿಟ್ಟು ಉಳಿದದ್ದಕ್ಕ ನೀರು ಹೊಡೀರಿ!”

ಹಿರಿಯರು ಮರುಮಾತಿಲ್ಲದೆ ಪೈಪು ತಿರುಗಿಸಿದರು. ಮೇವಿನ ಒಡತಿ ಮಾತ್ರ ಉರಿಯೊಳಗಿಂದ ಜೋಳದ ಸೊಪ್ಪೆ ಎಳೆಯಲು ಮತ್ತೆ ಮತ್ತೆ ಓಡುತ್ತಿದ್ದಳು. ನನ್ನ ತಾಯಿಯ ವಯಸ್ಸಿನವಳು. “ಬುದ್ಧಿ ಐತೇನು ನಿನಗ?” ಎಂದು ಗದರಿ, ತೋಳು ಹಿಡಿದು ಹಿಂದಕ್ಕೆಳೆದೆ.

ಎರಡು ಬಣವೆ ಉಳಿದವು. ಮರಳುವಾಗ ನಾನು ಬೀಗುತ್ತಿದ್ದೆ, ಹಿರಿಯರು ಮುಖ ಆಚೆ ತಿರುಗಿಸಿ ಕೂತಿದ್ದರು. ಯಾಕೆಂದು ಕೇಳಿದೆ.

“ಕೆಲಸ ಚಲೋ ಮಾಡ್ದಿ. ಬೈದದ್ದೂ ತಪ್ಪಲ್ಲ. ಬೆಂಕಿ ಆರಿದ ಮ್ಯಾಲೆ ಆಯಮ್ಮನ್ನ ಮಾತಾಡಿಸದಂಗ ಗಾಡಿ ಹತ್ತಿದಿ ನೋಡು, ಅದು ಸರಿ ಕಾಣ್ಲಿಲ್ಲ.”

ಗಾಡಿ ತಿರುಗಿಸಲು ಡ್ರೈವರ್‌ಗೆ ನಾನೇ ಹೇಳಿದೆ. ಆಕೆ ಇನ್ನೂ ಕಣದಲ್ಲೇ ಕೂತಿದ್ದಳು. “ತಪ್ಪು ತಿಳ್ಕಾಬ್ಯಾಡ ಯವ್ವಾ” ಎಂದೆ.

ಆಕೆ ನನ್ನ ಮಸಿ ಮೆತ್ತಿದ ಮುಖ ನೋಡಿದಳು. “ನೀ ಎಳೀದಿದ್ರ ಸೆರಗು ಹತ್ತಿಕ್ಯಂತಿತ್ತಪ್ಪ. ಕುಂದ್ರು, ಮಜ್ಜಿಗಿ ಕುಡಿ.”

ಎಲ್ಲರೂ ಕುಡಿದೆವು.

ಆ ಸಲದ ಪರೀಕ್ಷೆಯಲ್ಲಿ ಒಂದು ಪತ್ರಿಕೆ ಹೋಯಿತು, ಮರುವರ್ಷ ಎಂ.ಎ. ಮುಗಿಯಿತು. ಎಷ್ಟೋ ಕಾಲದ ಮೇಲೆ ನಾನು ಅಧಿಕಾರಿಯಾಗಿ ಹಡಗಲಿ ಠಾಣೆಗೆ ಹೋದಾಗ ಹಿರಿಯರು ನಿವೃತ್ತರಾಗಿದ್ದರು. ಸುದ್ದಿ ತಿಳಿದು, ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಸ್ಸಿನಲ್ಲಿ ಬಂದರು. ನಾನು ಗಡಬಡಿಸಿ ಎದ್ದು ನಿಂತೆ.

“ಕುಂದ್ರಿ ಸಾಹೇಬ್ರ” ಎಂದರು, ನಗುತ್ತಲೇ.

ಅವರ ಬಾಯಲ್ಲಿ ಆ ಬಹುವಚನ ನನಗೆ ಹಿತವಾಗಲಿಲ್ಲ. ಎಷ್ಟು ಬೇಡಿಕೊಂಡರೂ ಅವರು ಮತ್ತೆ ‘ಲೇ’ ಎನ್ನಲಿಲ್ಲ.