ವಕಾಲತ್ತಿನಲ್ಲಿ ಇಲ್ಲದ ಹೆಸರು

ಮೃತ್ಯುಂಜಯ ವಕೀಲರಿಗೆ ಇದ್ದದ್ದು ಒಂದೇ ಆಸೆ. ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರದ ಪರ ನಿಲ್ಲಬೇಕು, ಪಬ್ಲಿಕ್ ಪ್ರಾಸಿಕ್ಯೂಟರ್ ಅನ್ನಿಸಿಕೊಳ್ಳಬೇಕು. ಅಪ್ಪ ಅಕ್ಕಿ ಮಂಡಿಯಲ್ಲಿ ಮೂಟೆ ತೂಗುತ್ತಿದ್ದವರು. ಇವರು ಮಠದ ಹಾಸ್ಟೆಲಿನಲ್ಲಿ ಉಂಡು ಲಾ ಓದಿದರು. ಆ ಕೆಲಸಕ್ಕೆ ಏಳು ವರ್ಷ ವಕೀಲಿಕೆ ಮಾಡಿರಬೇಕು ಅಂತ ಕಾನೂನು. ಇವರಿಗೆ ಇಪ್ಪತ್ತು ದಾಟಿತ್ತು.

ಕೊಲೆ ಕೇಸು ಇದ್ದ ದಿನ ಬೆಳಿಗ್ಗೆ ವಿದ್ಯಾರಣ್ಯಪುರಂ ಮನೆಯ ಅಡುಗೆಮನೆಯೇ ಕೋರ್ಟು. ಹೆಂಡತಿ ಶಾಂತಾದೇವಿಯೇ ಸಾಕ್ಷಿ. ಅವಳು ಓದಿದ್ದು ಏಳನೇ ಕ್ಲಾಸು.

"ಕೊಡಲಿ ಎತ್ತಿದ್ದನ್ನ ಎಲ್ಲಿಂದ ನೋಡ್ದೆ?"

"ಬಾವಿ ಕಟ್ಟೆಯಿಂದ ಸ್ವಾಮಿ."

"ಕತ್ತಲಿತ್ತಲ್ಲ, ಮುಖ ಹೆಂಗೆ ಕಾಣ್ತು?"

"ಕಾಣ್ತು ಅಂದ್ರೆ ಕಾಣ್ತು. ಸಾರು ಸೀದೋಗುತ್ತೆ ಕಣ್ರೀ, ನಿಮ್ಮ ಕೊಲೆಗಾರನ್ನ ಆಮೇಲೆ ಬಿಡಿಸ್ಕೊಳ್ಳಿ."

ಅವರು ನಗೋರು. "ಸಾಕ್ಷಿ ಸುಮ್ಮನಾದ ಮೇಲೆ ಇನ್ನೊಂದು ಪ್ರಶ್ನೆ ಕೇಳ್ಬಾರ್ದು ಶಾಂತಾ. ಅಲ್ಲೇ ಕೂತ್ಬುಡ್ಬೇಕು. ಕೇಳಿದ್ರೆ ಕೆಟ್ವಿ."

ಕೇಸು ನಡೆಸೋರು ಇವರು. ಹೆಸರು ಮಾತ್ರ ಸೀನಿಯರ್ ಲಕ್ಷ್ಮೀನರಸಿಂಹ ವಕೀಲರದು. ಅವರು ಕೋರ್ಟಿಗೆ ಬಂದು, ಜಡ್ಜಿಗೆ ಕೈಮುಗಿದು, ಇವರ ಭುಜ ತಟ್ಟಿ ಹೊರಟುಬಿಡೋರು. ಕಕ್ಷಿದಾರರು ಬರೆದುಕೊಡುವ ವಕಾಲತ್ತಿನಲ್ಲಿ ಅವರೊಬ್ಬರದೇ ರುಜು. ಬೇರೆ ಆಫೀಸುಗಳಲ್ಲಿ ಸೀನಿಯರ್ ಕೆಳಗೆ ಜೂನಿಯರೂ ರುಜು ಹಾಕುತ್ತಿದ್ದರು. ಇವರು ಹಾಕಲಿಲ್ಲ.

ಗುಮಾಸ್ತ ಜವರಪ್ಪ ಹೇಳಿ ನೋಡಿದ. "ಸ್ವಾಮಿ, ಕೆಳಗಡೆ ಜಾಗ ಐತೆ. ನಿಮ್ದೂ ಒಂದು ರುಜು ಬೀಳ್ಲಿ. ಜಾಗಕ್ಕೇನು ಬಾಡಿಗೆ ಕೊಡ್ಬೇಕಾ?"

"ಗುರುಗಳ ಹೆಸರಿನ ಜೊತೆ ನನ್ನದು ಯಾಕೆ ಜವರಪ್ಪ? ಅಧಿಕಪ್ರಸಂಗ ಆಗುತ್ತೆ."

ತೊಂಬತ್ತೊಂಬತ್ತರಲ್ಲಿ ಪ್ರಾಸಿಕ್ಯೂಟರ್ ಕೆಲಸ ಖಾಲಿಯಾಯಿತು. ಅರ್ಜಿಯ ಜೊತೆ, ನಡೆಸಿದ ಸೆಷನ್ಸ್ ಕೇಸುಗಳ ತೀರ್ಪಿನ ನಕಲು ಕೊಡಬೇಕಿತ್ತು. ಮೃತ್ಯುಂಜಯ ಚೀಲದ ತುಂಬ ಹೊತ್ತುಕೊಂಡು ಹೋದರು. ಅರ್ಜಿ ತಗೊಳ್ಳುವವನು ಒಂದೊಂದೇ ತಿರುವಿ ಹಾಕಿದ. "ಎಲ್ಲಾ ಕಡೆ ಆರೋಪಿ ಪರ ಲಕ್ಷ್ಮೀನರಸಿಂಹ ಅಂತಿದೆ. ಇದರಲ್ಲಿ ನೀವೆಲ್ಲಿದ್ದೀರಿ ಸಾರ್? ನಡೆಸಿದ್ದು ನೀವೇ ಅಂತ ನಿಮ್ಮ ಸೀನಿಯರ್ ಹತ್ರ ಬರೆಸ್ಕೊಂಡು ಬನ್ನಿ."

ಗಂಡ ಹೆಂಡತಿ ರಸಬಾಳೆ ಚಿಪ್ಪು ಹಿಡಿದು ಸೀನಿಯರ್ ಮನೆಗೆ ಹೋದರು. ಅವರು ಉಯ್ಯಾಲೆ ಮೇಲೆ ಕೂತಿದ್ದರು. ಇವರು ನಿಂತೇ ಇದ್ದರು.

"ಏನಯ್ಯಾ ಜಯ, ಕಕ್ಷಿದಾರರು ಬಂದದ್ದು ಯಾರ ಹೆಸರು ನೋಡಿ?"

"ನಿಮ್ಮದು ಸಾರ್."

"ಮತ್ತೆ? ಕೇಸೆಲ್ಲ ನೀನು ನಡೆಸಿದೆ ಅಂತ ಬರೆದುಕೊಟ್ರೆ, ನಾನೇನು ಕೋರ್ಟಿಗೆ ಕಡಲೆಕಾಯಿ ತಿನ್ನೋಕೆ ಹೋಗ್ತಿದ್ನಾ? ನಾಳೆ ನನ್ನ ಬಾಗಿಲಿಗೆ ಯಾರು ಬರ್ತಾರೆ? ನೀನೂ ಹೋದ್ರೆ ಆಫೀಸು ಯಾರು ನೋಡ್ತಾರೆ?"

ಶಾಂತಾದೇವಿಗೆ ತಡೆಯಲಾಗಲಿಲ್ಲ. "ನಾಲ್ಕು ಸಾಲು ಬರೆದ್ರೆ ಕೈ ಸವೆಯುತ್ತಾ ಸಾರ್?"

"ಸುಮ್ನಿರು," ಅಂದರು ಮೃತ್ಯುಂಜಯ. ಕ್ಷಮೆಯನ್ನೂ ಅವರೇ ಕೇಳಿದರು.

ಬಾಳೆಹಣ್ಣು ಮಾತ್ರ ಒಳಗೆ ಹೋಯಿತು.

ಕೆಲಸ ಬೇರೆಯವರಿಗಾಯಿತು. ಆ ಆಫೀಸು ಬಿಟ್ಟುಬನ್ನಿ ಅಂತ ಅವಳು ಗೋಗರೆದಳು. "ಈ ವಯಸ್ಸಲ್ಲಿ ಇನ್ಯಾರ ಬಾಗಿಲಿಗೆ ಹೋಗ್ಲಿ?" ಅಂದರು. ದಿನಾ ಹೋದರು, ಅದೇ ಮೇಜು, ಅದೇ ಕುರ್ಚಿ. ಅಡುಗೆಮನೆಗೆ ಬಂದು ಪ್ರಶ್ನೆ ಕೇಳುವುದು ನಿಂತುಹೋಯಿತು. ಅವಳು ಕುತ್ತಿಗೆಯ ಬಿಳಿ ಪಟ್ಟಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿಕೊಟ್ಟರೆ, ಕಟ್ಟಿಕೊಂಡು ಹೊರಡೋರು. ಎರಡು ಸಾವಿರದ ನಾಲ್ಕರಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಕಂಕುಳಲ್ಲಿ ಸೀನಿಯರ್ ಫೈಲೇ ಇತ್ತು.

ವಕೀಲರು ಸಂತಾಪ ಸಭೆ ಮಾಡಿದರು. ಶಾಂತಾದೇವಿಯನ್ನು ಕರೆಸಿ ಮುಂದೆ ಕೂರಿಸಿದರು. ಮೈಕಿನ ಮುಂದೆ ಬಂದ ಲಕ್ಷ್ಮೀನರಸಿಂಹ ವಕೀಲರು ಶಾಲಿನಲ್ಲಿ ಕಣ್ಣೊರೆಸಿಕೊಂಡರು.

"ನನ್ನ ಹೆಸರಲ್ಲಿ ಗೆದ್ದ ಕೊಲೆ ಕೇಸುಗಳನ್ನೆಲ್ಲ ನಡೆಸಿದ್ದು ನಮ್ಮ ಜಯ. ಸರ್ಕಾರ ಇಂಥವನನ್ನ ಪ್ರಾಸಿಕ್ಯೂಟರ್ ಮಾಡಬೇಕಿತ್ತು. ಯೋಗ್ಯತೆಗೆ ಬೆಲೆ ಇಲ್ಲದ ಕಾಲ ಇದು."

ಎಲ್ಲರೂ ತಲೆ ಆಡಿಸಿದರು. ಶಾಂತಾದೇವಿ ಎದ್ದು ನಿಂತಳು.

"ಸಾರ್, ಕೇಸು ನಡೆಸಿದ್ದು ಇವರೇ ಅಂತ ನಿಮಗೆ ಯಾವಾಗಿಂದ ಗೊತ್ತು?"

ಅವರು ತಬ್ಬಿಬ್ಬಾದರು. "ಮೊದಲಿಂದಲೂ ಗೊತ್ತು ಕಣಮ್ಮ."

"ಬಾಳೆಹಣ್ಣು ತಗೊಂಡು ನಿಮ್ಮನೆಗೆ ಬಂದಿದ್ವಲ್ಲ, ಆವತ್ತೂ ಗೊತ್ತಿತ್ತಾ?"

ಲಕ್ಷ್ಮೀನರಸಿಂಹ ವಕೀಲರು ಮೈಕು ಹಿಡಿದುಕೊಂಡೇ ನಿಂತರು. ಹಿಂದಿನ ಬೆಂಚಿನಲ್ಲಿ ಜವರಪ್ಪ ಮೂಗು ಸೀಟಿದ್ದು ಎಲ್ಲರಿಗೂ ಕೇಳಿಸಿತು.

ಅವಳ ಬಾಯಲ್ಲಿ ಇನ್ನೂ ಬೇಕಾದಷ್ಟಿತ್ತು. ಕೇಳಲಿಲ್ಲ. ಸಾಕ್ಷಿ ಸುಮ್ಮನಾಗಿತ್ತು. ಸೆರಗು ಸರಿಮಾಡಿಕೊಂಡು ಕೂತುಬಿಟ್ಟಳು.